ಎದೆಹಾಲು ದಿನಸಿ ಪದಾರ್ಥವಾದರೆ ವಯಸ್ಕರು ಕೊಳ್ಳುವರೇ? ಒಂದು ಅಧ್ಯಯನ ಟಿಪ್ಪಣಿ

ಗ್ರಾಹಕ ನಡವಳಿಕೆಯನ್ನು ಓದುವ ನಮ್ಮಂಥವರ ಮುಂದೆ ಈ ಪ್ರಶ್ನೆ ಬಂದಾಗ, ಬಹುತೇಕರು ಮೊದಲ ಸಾಲಿನಲ್ಲೇ ‘ಹೇಸಿಗೆಯ ಕಾರಣದಿಂದ ಕೊಳ್ಳುವುದಿಲ್ಲ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಆ ಉತ್ತರ ತಪ್ಪಲ್ಲ, ಆದರೆ ಅಷ್ಟಕ್ಕೇ ನಿಂತರೆ ವಿಷಯದ ಮುಖ್ಯ ಭಾಗ ಕೈತಪ್ಪುತ್ತದೆ. ‘ಕೊಳ್ಳುವುದು’ ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ಕುತೂಹಲಕ್ಕೆ ಒಮ್ಮೆ ಹಣ ಕೊಟ್ಟು ರುಚಿ ನೋಡುವುದು ಒಂದು. ಅಕ್ಕಿ, ಬೇಳೆ, ಎಣ್ಣೆಗಳ ಜೊತೆ ಚೀಟಿಯಲ್ಲಿ ಬರೆದುಕೊಂಡು ವಾರವಾರವೂ ತರುವುದು ಇನ್ನೊಂದು. ದಿನಸಿ ಎಂಬ ಹೆಸರಿಗೆ ತಕ್ಕದ್ದು ಎರಡನೆಯದು ಮಾತ್ರ. ಮೊದಲನೆಯದಕ್ಕೆ ಜನ ಸಿಗುತ್ತಾರೆ, ಎರಡನೆಯದು ನಡೆಯುವುದಿಲ್ಲ, ಮತ್ತು ನಡೆಯದಿರುವುದಕ್ಕೆ ಹೇಸಿಗೆಗಿಂತ ಬಲವಾದ ಕಾರಣಗಳಿವೆ ಎಂಬುದು ಈ ಟಿಪ್ಪಣಿಯ ವಾದ.

ಮೊದಲನೆಯದಕ್ಕೆ ನಿದರ್ಶನವಾಗಿ 2011ರ ಫೆಬ್ರುವರಿಯಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ನಡೆದದ್ದನ್ನು ನೋಡಬಹುದು. ಅಲ್ಲಿನ ಒಂದು ಐಸ್‌ಕ್ರೀಮ್ ಅಂಗಡಿ ಜಾಹೀರಾತು ಕೊಟ್ಟು ತಾಯಂದಿರಿಂದ ಎದೆಹಾಲನ್ನು ಖರೀದಿಸಿ, ಅದರಿಂದ ತಯಾರಿಸಿದ ಐಸ್‌ಕ್ರೀಮನ್ನು ಬಟ್ಟಲಿಗೆ 14 ಪೌಂಡಿನಂತೆ ಮಾರಿತು. ಮೊದಲ ತಯಾರಿ ಬೇಗನೆ ಖಾಲಿಯಾಯಿತು. ನಂತರ ಸ್ಥಳೀಯ ಆಡಳಿತದವರು ಸುರಕ್ಷತೆಯ ಪರೀಕ್ಷೆಗೆಂದು ಆ ಐಸ್‌ಕ್ರೀಮನ್ನು ಕೊಂಡೊಯ್ದರು. ಇದನ್ನು ‘ಬೇಡಿಕೆಯಿದೆ’ ಎಂಬುದಕ್ಕೆ ಸಾಕ್ಷಿಯಾಗಿ ಉಲ್ಲೇಖಿಸುವಾಗ ಎಚ್ಚರ ಬೇಕು. ಅಲ್ಲಿ ಮಾರಾಟವಾದದ್ದರಲ್ಲಿ ಪದಾರ್ಥದ ಪಾಲಿಗಿಂತ, ‘ನಾನೂ ತಿಂದು ನೋಡಿದೆ’ ಎಂದು ಹೇಳಿಕೊಳ್ಳುವ ಅವಕಾಶದ ಪಾಲು ದೊಡ್ಡದು. ಅಂಥ ಖರೀದಿ ಒಂದು ಸಲಕ್ಕೆ ತೀರಿಹೋಗುತ್ತದೆ. ಅದರಿಂದ ಮರುಖರೀದಿಯನ್ನು ಊಹಿಸಲು ಬರುವುದಿಲ್ಲ.

ಹೇಸಿಗೆಯ ವಿಚಾರವನ್ನು ಸರಿಯಾಗಿ ತಿಳಿಯಲು ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸಹಾಯಕ್ಕೆ ಬರುತ್ತವೆ. ಕ್ರಿಮಿಶುದ್ಧಗೊಳಿಸಿದ ಸತ್ತ ಜಿರಳೆಯನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದರೆ, ಅದರಿಂದ ಅಪಾಯವೇನೂ ಇಲ್ಲವೆಂದು ಗೊತ್ತಿದ್ದರೂ ಜನ ಆ ರಸವನ್ನು ಬೇಡವೆಂದರು. ಒಮ್ಮೆ ಸೋಕಿದ್ದು ಸೋಕಿಯೇ ಇರುತ್ತದೆ ಎಂಬ ಭಾವನೆಯನ್ನು ತರ್ಕ ಅಳಿಸಲಾರದು. ದೇಹದಿಂದ ಹೊರಬಂದ ದ್ರವಗಳ ವಿಷಯದಲ್ಲಿ ಇದು ಇನ್ನೂ ತೀವ್ರ: ದಿನವಿಡೀ ನುಂಗುವ ನಮ್ಮದೇ ಎಂಜಲನ್ನು ಒಂದು ಲೋಟಕ್ಕೆ ಉಗುಳಿದ ಮರುಕ್ಷಣ ನಾವೇ ಕುಡಿಯಲಾರೆವು.

ಹಾಗಾದರೆ ಹಸುವಿನ ಹಾಲು ಹೇಗೆ ದಕ್ಕುತ್ತದೆ ಎಂದು ಸಹಪಾಠಿಗಳು ಕೇಳುವುದುಂಟು. ಬೇರೊಂದು ಪ್ರಾಣಿಯ ಕೆಚ್ಚಲಿನಿಂದ ಬಂದದ್ದನ್ನು ಸಲೀಸಾಗಿ ಕುಡಿಯುವವರು ಮನುಷ್ಯರದೇ ಹಾಲಿಗೆ ಮುಖ ತಿರುಗಿಸುವುದು ಮೇಲ್ನೋಟಕ್ಕೆ ವಿಚಿತ್ರವೇ. ಹಸುವಿನ ಹಾಲಿನ ಪೊಟ್ಟಣವನ್ನು ಕೈಗೆತ್ತಿಕೊಂಡ ಯಾರೂ ‘ಇದು ಯಾವ ಹಸುವಿನದು’ ಎಂದು ಕೇಳುವುದಿಲ್ಲ. ನೂರಾರು ಹಸುಗಳ ಹಾಲು ಒಂದೇ ತೊಟ್ಟಿಯಲ್ಲಿ ಬೆರೆತು, ಕಾದು, ತಣಿದು, ಮೂಲದ ಗುರುತು ಅಳಿದಿರುತ್ತದೆ. ಎದೆಹಾಲಿನ ಸೀಸೆಯನ್ನು ಹಿಡಿದವರ ಮೊದಲ ಪ್ರಶ್ನೆಯೇ ‘ಇದು ಯಾರದ್ದು’ ಎಂಬುದಾಗಿರುತ್ತದೆ. ಆಕೆಯ ಆರೋಗ್ಯ ಹೇಗಿದೆ, ಏನು ತಿನ್ನುತ್ತಾಳೆ, ಆಕೆಯ ಕೂಸು ಎಲ್ಲಿದೆ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ನನ್ನ ಮಟ್ಟಿಗೆ ಹೇಸಿಗೆಯ ಹೆಚ್ಚಿನ ಪಾಲು ಹುಟ್ಟುವುದು ದ್ರವದಿಂದಲ್ಲ, ಈ ಪ್ರಶ್ನೆಯಿಂದ.

ಸಮೀಕ್ಷೆ ಮಾಡಹೊರಟವರಿಗೆ ಇಲ್ಲಿ ಒಂದು ಮಾತು. ನಮ್ಮ ಭಾಷೆಯಲ್ಲಿ ಈ ಹಾಲಿಗಿರುವ ಹೆಸರುಗಳು ತಟಸ್ಥವಾಗಿಲ್ಲ. ‘ತಾಯಿಹಾಲು’ ಎಂದರೆ ಕೂಸು ಕಣ್ಣಮುಂದೆ ಬಂದು, ಕುಡಿಯುವುದು ಕಸಿದುಕೊಂಡಂತೆ ಅನ್ನಿಸುತ್ತದೆ. ‘ಮೊಲೆಹಾಲು’ ಎಂದರೆ ದೇಹ ಕಾಣುತ್ತದೆ. ‘ಮಾನವ ಹಾಲು’ ಎಂದರೆ ಪ್ರಯೋಗಾಲಯದ ವಾಸನೆ ಬರುತ್ತದೆ. ಯಾವ ಪದವನ್ನು ಬಳಸಿದೆವೋ ಅದೇ ಅರ್ಧ ಉತ್ತರವನ್ನು ತೀರ್ಮಾನಿಸಿರುತ್ತದೆ, ಆದ್ದರಿಂದ ಪ್ರಶ್ನಾವಳಿಯನ್ನು ಕನಿಷ್ಠ ಎರಡು ಪದಗಳೊಂದಿಗೆ ಬೇರೆ ಬೇರೆ ಗುಂಪುಗಳಿಗೆ ಕೊಡುವುದು ಒಳಿತು. ‘ಕೊಳ್ಳುತ್ತೀರಾ’ ಎಂದು ಕೇಳುವುದಕ್ಕಿಂತ ‘ತಿಂಗಳಲ್ಲಿ ಎಷ್ಟು ಸಲ, ಯಾವುದಕ್ಕೆ ಬದಲಾಗಿ’ ಎಂದು ಕೇಳಿದರೆ, ಬಾಯಿಮಾತಿನ ಒಪ್ಪಿಗೆಗೂ ನಿಜವಾದ ಖರೀದಿಗೂ ಇರುವ ಅಂತರ ಸ್ವಲ್ಪವಾದರೂ ಕಡಿಮೆಯಾಗುತ್ತದೆ.

ಈಗ ಹಾಲನ್ನೇ ನೋಡೋಣ. ಹಿಂಡಿದ ಎದೆಹಾಲನ್ನು ಗಾಜಿನ ಸೀಸೆಯಲ್ಲಿ ತಣ್ಣಗೆ ಇಟ್ಟು ಕೆಲವು ಗಂಟೆಗಳ ನಂತರ ತೆಗೆದರೆ, ಮೇಲೆ ಹಳದಿ ಛಾಯೆಯ ಕೆನೆ ಬೇರೆಯಾಗಿ, ಕೆಳಗೆ ನೀಲಿ ಬೆರೆತ, ತೆಳುವಾದ, ನೀರಿನಂಥ ದ್ರವ ನಿಂತಿರುತ್ತದೆ. ಮೆಲ್ಲಗೆ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಕೆಲವರ ಹಾಲಿನಲ್ಲಿ ಕೊಬ್ಬನ್ನು ಒಡೆಯುವ ಲೈಪೇಸ್ ಕಿಣ್ವದ ಕೆಲಸದಿಂದ ಒಂದೆರಡು ದಿನಗಳಲ್ಲೇ ಸಾಬೂನಿನ ವಾಸನೆ ಕಾಣಿಸಿಕೊಳ್ಳುತ್ತದೆ. ಹಾಲು ಕೆಟ್ಟಿರುವುದಿಲ್ಲ, ಆದರೆ ಹಣ ಕೊಟ್ಟವರು ಅದನ್ನು ನಂಬುವುದು ಕಷ್ಟ. ರುಚಿಯಲ್ಲಿ ಅದು ಹಸುವಿನ ಹಾಲಿಗಿಂತ ಸಿಹಿ, ಏಕೆಂದರೆ ಅದರಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಸುಮಾರು 7 ಶೇಕಡ ಇರುತ್ತದೆ, ಹಸುವಿನ ಹಾಲಿನಲ್ಲಿ ಸುಮಾರು 4.7 ಶೇಕಡ. ಕೊಬ್ಬು ಎರಡರಲ್ಲೂ ಹತ್ತಿರಹತ್ತಿರ 4 ಶೇಕಡ. ಪ್ರೋಟೀನ್ ಮಾತ್ರ ಎದೆಹಾಲಿನಲ್ಲಿ ಕೇವಲ 1 ಶೇಕಡದಷ್ಟು, ಹಸುವಿನದರಲ್ಲಿ 3.3 ಶೇಕಡದಷ್ಟು. ಎದೆಹಾಲಿನಲ್ಲಿರುವ ಕ್ಯಾಲ್ಸಿಯಂ ಕೂಡ ಹಸುವಿನದರ ಸುಮಾರು ಕಾಲುಭಾಗ.

ಪ್ರೋಟೀನಿನ ಬಗೆಯೂ ಬೇರೆ. ಹಸುವಿನ ಹಾಲಿನ ಪ್ರೋಟೀನಿನಲ್ಲಿ 80 ಶೇಕಡ ಕೇಸೀನ್ ಆದರೆ, ಎದೆಹಾಲಿನಲ್ಲಿ ಅದು 40 ಶೇಕಡದ ಆಸುಪಾಸು. ಗಟ್ಟಿಯಾಗಿ ಹೆಪ್ಪುಗಟ್ಟುವುದು ಕೇಸೀನಿನಿಂದಲೇ ಆದ್ದರಿಂದ, ಎದೆಹಾಲಿನಿಂದ ಗಟ್ಟಿ ಮೊಸರೂ ಆಗದು, ಬೇರೆ ಹಾಲನ್ನು ಬೆರೆಸದೆ ಒಳ್ಳೆಯ ಚೀಸ್ ಕೂಡ ಆಗದು. ಮಗುವಿನ ಎಳೆಯ ಹೊಟ್ಟೆಗೆ ಈ ಮೃದುತನವೇ ವರ, ಅಡುಗೆಮನೆಗೆ ಅದೇ ಕೊರತೆ. ಒಂದು ಹಾಲು ಮೊಸರು, ಚೀಸಿನಂಥ ರೂಪಗಳಿಗೆ ಒಗ್ಗದಿದ್ದರೆ ಅದು ದಿನಸಿಯ ಸಾಲಿನಲ್ಲಿ ಜಾಗ ಗಿಟ್ಟಿಸುವುದು ಬಹಳ ಕಷ್ಟ.

ಆರೋಗ್ಯಕ್ಕೆಂದು ಕೊಳ್ಳುವವರು ಇಂದಿಗೂ ಇದ್ದಾರೆ; ದೇಹದಾರ್ಢ್ಯದ ಹವ್ಯಾಸಿಗಳು, ದೀರ್ಘಕಾಲದ ರೋಗಿಗಳು ಇದನ್ನು ಅಂತರ್ಜಾಲದಲ್ಲಿ ಹುಡುಕುತ್ತಾರೆ. ಸ್ನಾಯು ಬೆಳೆಸುವ ಆಸೆಯಿಂದ 200 ಮಿಲಿಲೀಟರ್ ಕುಡಿದವರಿಗೆ ಸಿಗುವ ಪ್ರೋಟೀನ್ ಸುಮಾರು 2 ಗ್ರಾಂ; ಅದೇ ಅಳತೆಯ ಹಸುವಿನ ಹಾಲು 6 ಗ್ರಾಂಗಿಂತ ಹೆಚ್ಚು ಕೊಡುತ್ತದೆ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಲ್ಯಾಕ್ಟೋಸನ್ನು ಪೂರ್ತಿ ಜೀರ್ಣಿಸಿಕೊಳ್ಳುವ ಶಕ್ತಿ ಕುಂದಿರುವುದರಿಂದ, ಹೆಚ್ಚು ಲ್ಯಾಕ್ಟೋಸ್ ಇರುವ ಈ ಹಾಲು ಅವರ ಹೊಟ್ಟೆಗೆ ಇನ್ನಷ್ಟು ತೊಂದರೆ ಕೊಡಬಲ್ಲದು. ಕ್ಯಾನ್ಸರ್ ವಾಸಿಯಾಗುತ್ತದೆಂಬ ನಂಬಿಕೆಯ ಹಿಂದೆ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಗುರುತಿಸಿದ ಹ್ಯಾಮ್ಲೆಟ್ ಎಂಬ ಸಂಯುಕ್ತವಿದೆ. ಅದು ಎದೆಹಾಲಿನ ಆಲ್ಫಾ-ಲ್ಯಾಕ್ಟಾಲ್ಬುಮಿನ್ ಪ್ರೋಟೀನನ್ನು ಬೇರ್ಪಡಿಸಿ ಓಲಿಕ್ ಆಮ್ಲದೊಂದಿಗೆ ಸೇರಿಸಿ ತಯಾರಿಸುವಂಥದ್ದು. ಲೋಟದಲ್ಲಿ ಹಾಲು ಕುಡಿದವರಿಗೆ ಅದು ಔಷಧವಾಗಿ ಸಿಕ್ಕಂತಾಗುವುದಿಲ್ಲ. ನೊಂದವರು ಆಸೆಯಿಂದ ಹುಡುಕುವುದನ್ನು ಹಗುರವಾಗಿ ಕಾಣಬಾರದು, ಆದ್ದರಿಂದಲೇ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆಯಬೇಕು.

ಇನ್ನು ನಾನು ಅತಿ ಮುಖ್ಯವೆಂದು ಭಾವಿಸುವ, ಆದರೆ ಉತ್ತರಪತ್ರಿಕೆಗಳಲ್ಲಿ ಅಪರೂಪವಾಗಿ ಕಾಣುವ ಪೂರೈಕೆಯ ಲೆಕ್ಕಕ್ಕೆ ಬರೋಣ. ಎದೆಹಾಲನ್ನೇ ಪೂರ್ತಿ ನೆಚ್ಚಿದ ಕೂಸಿಗೆ ತಾಯಿ ದಿನಕ್ಕೆ ಉಣಿಸುವುದು ಸುಮಾರು 750ರಿಂದ 800 ಮಿಲಿಲೀಟರ್. ಅಂದರೆ ಒಂದು ಲೀಟರಿನ ಪೊಟ್ಟಣ ತುಂಬಲು ಒಬ್ಬ ತಾಯಿಯ ಇಡೀ ದಿನದ ಹಾಲೂ ಸಾಲದು. ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಪಂಪ್ ಹಿಡಿದು ಕುಳಿತು ಸುಮಾರು 100 ಮಿಲಿಲೀಟರ್ ಸಿಕ್ಕಿತೆಂದುಕೊಂಡರೂ, ಆ ಪೊಟ್ಟಣದ ಹಿಂದೆ ಹತ್ತು ಕೂರುವಿಕೆಗಳಿರುತ್ತವೆ, ಅವುಗಳಲ್ಲಿ ಕೆಲವು ನಡುರಾತ್ರಿಯವು. ಪ್ರತಿ ಸಲವೂ ಉಪಕರಣಗಳನ್ನು ಬಿಚ್ಚಿ, ತೊಳೆದು, ಒಣಗಿಸುವ ಕೆಲಸ ಬೇರೆ. ಲೀಟರಿನಲ್ಲಿ ಇರುವ ಶಕ್ತಿಯೇ 650ರಿಂದ 700 ಕಿಲೋಕ್ಯಾಲರಿ, ಅದನ್ನು ತಯಾರಿಸಲು ದೇಹ ಅದಕ್ಕಿಂತ ಹೆಚ್ಚು ವ್ಯಯಿಸಬೇಕು. ಹೆಚ್ಚು ಹಾಲು ಕೊಡುವ ತಳಿಯ ಹಸು ದಿನಕ್ಕೆ 20ರಿಂದ 30 ಲೀಟರ್ ಕೊಡುವುದು ಅಪರೂಪವಲ್ಲ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಬೆಲೆಯ ಪ್ರಶ್ನೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಜೊತೆಗೆ, ಹಾಲು ಬೇಡಿಕೆಗೆ ತಕ್ಕಂತೆ ನಿಲ್ಲಿಸಿ ಮತ್ತೆ ಹರಿಸುವ ನಲ್ಲಿಯಲ್ಲ. ಎದೆ ಬರಿದಾದಷ್ಟೂ ಉತ್ಪಾದನೆ ಹೆಚ್ಚುತ್ತದೆ, ತುಂಬಿಯೇ ಉಳಿದರೆ ದಿನಗಳಲ್ಲೇ ಇಳಿಯುತ್ತದೆ. ವ್ಯಾಪಾರ ಕುಸಿದ ವಾರ ಮಾರುವವಳು ಬಿಡುವು ತೆಗೆದುಕೊಂಡರೆ ಮುಂದಿನ ವಾರ ಹಾಲು ಮೊದಲಿನಷ್ಟು ಇರುವುದಿಲ್ಲ. ಬೆಲೆ ಏರಿದ ವಾರ ಆಕೆಯ ಕೂಸಿನ ಪಾಲಿನ ಮೇಲೆ ಒತ್ತಡ ಬೀಳುತ್ತದೆ. ಹಣದ ತೀವ್ರ ಅಗತ್ಯವಿರುವ ಬಾಣಂತಿಯೇ ಈ ವ್ಯಾಪಾರಕ್ಕೆ ಮೊದಲು ಬರುವವಳು ಎಂಬುದನ್ನು ಮರೆತು ಬೇಡಿಕೆಯ ವಕ್ರರೇಖೆ ಬಿಡಿಸುವುದು ನನಗೆ ಒಪ್ಪಿಗೆಯಾಗದ ವಿಧಾನ. 2017ರಲ್ಲಿ ಕಾಂಬೋಡಿಯ ಸರ್ಕಾರ ತನ್ನ ದೇಶದ ಬಡ ತಾಯಂದಿರ ಹಾಲನ್ನು ಅಮೆರಿಕಕ್ಕೆ ರಫ್ತು ಮಾಡುವುದನ್ನು ನಿಷೇಧಿಸಿದ್ದು ಇದೇ ಆತಂಕದ ಹಿನ್ನೆಲೆಯಲ್ಲಿ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವೂ 2024ರ ಮೇ ತಿಂಗಳಲ್ಲಿ, 2006ರ ಕಾಯ್ದೆಯಡಿ ಎದೆಹಾಲಿನ ಸಂಸ್ಕರಣೆಗಾಗಲಿ ಮಾರಾಟಕ್ಕಾಗಲಿ ಅನುಮತಿಯಿಲ್ಲವೆಂದು ಸೂಚನೆ ಹೊರಡಿಸಿತು.

ಅಳತೆಗೆ ಹಣ ಸಿಗುವ ಕಡೆ ಹಾಲಿಗೆ ನೀರು ಬೆರೆಯುವುದು ಹಳೆಯ ಕಥೆ, ಇಲ್ಲಿಯೂ ಅದು ತಪ್ಪಿಲ್ಲ. ಅಮೆರಿಕದಲ್ಲಿ ಅಂತರ್ಜಾಲದ ಮೂಲಕ ಕೊಂಡ 101 ಮಾದರಿಗಳನ್ನು ಪರೀಕ್ಷಿಸಿದ 2013ರ ಅಧ್ಯಯನದಲ್ಲಿ, ಸುಮಾರು ಮುಕ್ಕಾಲು ಪಾಲು ಬ್ಯಾಕ್ಟೀರಿಯಾದ ದೃಷ್ಟಿಯಿಂದ, ದಾನದ ಎದೆಹಾಲನ್ನು ಸಂಗ್ರಹಿಸಿ ಶಿಶುಗಳಿಗೆ ಒದಗಿಸುವ ಹಾಲಿನ ಬ್ಯಾಂಕುಗಳ ಮಾನದಂಡ ಮುಟ್ಟಲಿಲ್ಲ. ಅದೇ ತಂಡದ 2015ರ ಇನ್ನೊಂದು ಅಧ್ಯಯನದಲ್ಲಿ 102 ಮಾದರಿಗಳ ಪೈಕಿ 11ರಲ್ಲಿ ಹಸುವಿನ ಡಿಎನ್‌ಎ ಸಿಕ್ಕಿತು. ಎಚ್‌ಐವಿ, ಸೈಟೋಮೆಗಾಲೋ ವೈರಸ್‌ಗಳೂ, ತಾಯಿ ತೆಗೆದುಕೊಂಡ ಔಷಧ, ಮದ್ಯ, ನಿಕೋಟಿನ್‌ಗಳೂ ಹಾಲಿಗೆ ಸೇರಬಲ್ಲವು. 1909ರಲ್ಲಿ ವಿಯೆನ್ನಾದಲ್ಲಿ ಆರಂಭವಾದ ಹಾಲಿನ ಬ್ಯಾಂಕುಗಳ ಪರಂಪರೆಯಲ್ಲಿ ಇಂದು ದಾನಿಗಳ ರಕ್ತಪರೀಕ್ಷೆ ನಡೆಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕೊಡುತ್ತಾರೆ. ಆ ಶಿಶುಗಳಲ್ಲಿ ಕರುಳು ಕೊಳೆಯುವ ಮಾರಕ ಕಾಯಿಲೆಯ ಅಪಾಯವನ್ನು ಅದು ತಗ್ಗಿಸುತ್ತದೆ. ಅಷ್ಟು ಶ್ರಮದ, ಅಷ್ಟು ವಿರಳವಾದ ಹಾಲಿಗೆ ವಯಸ್ಕರು ಹೆಚ್ಚಿನ ಬೆಲೆ ಕೂಗಿದರೆ ಸೋಲುವುದು ಆ ಶಿಶುಗಳೇ.

ಕೊನೆಯದಾಗಿ ಒಂದು ಬೆಳವಣಿಗೆಯನ್ನು ಗಮನಿಸಬೇಕು. ಎದೆಹಾಲಿನಲ್ಲಿ ಇನ್ನೂರರಷ್ಟು ಬಗೆಯ ವಿಶಿಷ್ಟ ಆಲಿಗೋಸ್ಯಾಕರೈಡ್‌ಗಳು, ಅಂದರೆ ಸರಪಳಿಯಂತೆ ಜೋಡಿಸಿದ ಸಕ್ಕರೆಗಳು ಇವೆ. ಇವು ಮಗುವಿಗೆ ನೇರ ಆಹಾರವಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ. ಇವುಗಳಲ್ಲಿ ಕೆಲವನ್ನು ಈಗ ತಳಿಮಾರ್ಪಾಟು ಮಾಡಿದ ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ದೊಡ್ಡ ತೊಟ್ಟಿಗಳಲ್ಲಿ ತಯಾರಿಸಿ, ಶಿಶು ಆಹಾರಕ್ಕೂ ವಯಸ್ಕರ ಪೂರಕ ಪುಡಿಗಳಿಗೂ ಸೇರಿಸಿ ಮಾರುತ್ತಾರೆ. ರಚನೆಯಲ್ಲಿ ಎದೆಹಾಲಿನದೇ ಆದ ಈ ಸಕ್ಕರೆಯನ್ನು ಕೊಳ್ಳುವವರು ಈಗಾಗಲೇ ಇದ್ದಾರೆ, ಆದರೆ ಅದರ ತಯಾರಿಕೆಯಲ್ಲಿ ಯಾವ ತಾಯಿಯೂ ಇಲ್ಲ. ಆದ್ದರಿಂದ ಈ ವಿಷಯದ ಮೇಲೆ ಕಿರುಸಂಶೋಧನೆ ಮಾಡುವ ಗೆಳೆಯರು ಎರಡು ಗುಂಪುಗಳಿಗೆ ಒಂದೇ ಪುಡಿಯನ್ನು ತೋರಿಸಿ, ಒಂದಕ್ಕೆ ‘ಎದೆಹಾಲಿನಿಂದ ತೆಗೆದದ್ದು’ ಎಂದೂ ಇನ್ನೊಂದಕ್ಕೆ ‘ಎದೆಹಾಲಿನಲ್ಲಿರುವಂಥದ್ದು’ ಎಂದೂ ಬರೆದು ಕೇಳಬಹುದು. ಅಂಶ ಒಂದೇ ಆಗಿದ್ದೂ ಉತ್ತರ ಬದಲಾದರೆ, ‘ಯಾರದ್ದು’ ಎಂಬ ಪ್ರಶ್ನೆಯ ತೂಕ ಎಷ್ಟೆಂದು ಆ ವ್ಯತ್ಯಾಸದಿಂದ ಅಳೆಯಬಹುದು.