ತೈ ಚಿ ಕ್ಲಾಸಿನ ಪಕ್ಕದಲ್ಲೊಂದು ದೇವರ ಪೀಠ

ಪ್ರಶ್ನೆ: ಟೊರಾಂಟೊದಲ್ಲಿ ಮಗಳ ಮನೆಗೆ ಹೋದಾಗ ಒಂದು ತೈ ಚಿ (ಚೀನಾದ ನಿಧಾನ ಚಲನೆಯ ವ್ಯಾಯಾಮ) ಕ್ಲಾಸ್ ನೋಡಿದೆ. ಹೇಳಿಕೊಡುವವರು, ಕಲಿಯುವವರು ಬಹುತೇಕ ಬಿಳಿಯರೇ. ಪಕ್ಕದ ಕೋಣೆಯಲ್ಲಿ ಮೂರು ಚೀನೀ ದೇವರು, ಊದುಬತ್ತಿ, ಹಣ್ಣು. ಚೀನಾದ ತಾವೋ ಧರ್ಮ ಅಲ್ಲಿಗೆ ಹೇಗೆ ಹೋಯಿತು? ಇವರೆಲ್ಲ ಮತಾಂತರ ಆದವರಾ?

ಉತ್ತರ: ಮತಾಂತರ ಅನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ. ಜಾಸ್ತಿ ಜನ ಅಲ್ಲಿಗೆ ಬಂದಿದ್ದು ದೇವರನ್ನು ಹುಡುಕಿಕೊಂಡಲ್ಲ. ಮಂಡಿನೋವು, ಸೊಂಟನೋವು, ನಿದ್ದೆ ಬಾರದ ರಾತ್ರಿಗಳು ಅವರನ್ನು ಕರೆತಂದವು.

ತಾವೋ ಗುಡಿಗಳು ಇದಕ್ಕೂ ಎಷ್ಟೋ ಮುಂಚೆ ಅಮೆರಿಕ ಖಂಡಕ್ಕೆ ಹೋಗಿದ್ದವು. ಚಿನ್ನ ಹುಡುಕಲು ಹೋದ ಚೀನೀಯರು ಕ್ಯಾಲಿಫೋರ್ನಿಯಾದ ವೀವರ್‌ವಿಲ್‌ನಲ್ಲಿ 1874ರಲ್ಲಿ ಕಟ್ಟಿದ ಗುಡಿ ಇವತ್ತಿಗೂ ಇದೆ. ಆದರೆ ಅದು ಚೀನೀಯರ ಗುಡಿಯಾಗಿಯೇ ಉಳಿಯಿತು. 1882ರಲ್ಲಿ ಅಮೆರಿಕ ಚೀನೀ ಕೂಲಿಕಾರರು ಬರದಂತೆ ಕಾನೂನು ಮಾಡಿತು. 1923ರಲ್ಲಿ ಕೆನಡಾ ಕೂಡ ಬಾಗಿಲು ಹಾಕಿತು. ಮನುಷ್ಯರನ್ನೇ ಬೇಡ ಅಂದವರು ಅವರ ದೇವರನ್ನು ವಿಚಾರಿಸುತ್ತಾರಾ? ಯುರೋಪಿಗೆ ಪುಸ್ತಕವೂ ಹೋಗಿತ್ತು. ತಾವೋ ಧರ್ಮದ ಮೂಲಗುರು ಎನ್ನುವ ಲಾವೋತ್ಸೆಯ ಗ್ರಂಥ ತಾವೋ ತೆ ಚಿಂಗ್ 1842ರಲ್ಲೇ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಭಾಷೆಗೆ ಬಂತು. ಅದಕ್ಕೆ ಓದುಗರು ಸಿಕ್ಕರು. ಸಾಧನೆ ಹೇಳಿಕೊಡಲು ಗುರು ಇರಲಿಲ್ಲ.

ನೀವು ಹೇಳುವುದನ್ನು ನೋಡಿದರೆ ಅದು ಮೊಯ್ ಲಿನ್ ಶಿನ್ ಎಂಬ ಸನ್ಯಾಸಿ ಶುರು ಮಾಡಿದ ಸಂಸ್ಥೆ ಇರಬೇಕು. ಹುಟ್ಟಿದ್ದು 1931ರಲ್ಲಿ, ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ. ಚಿಕ್ಕಂದಿನಲ್ಲಿ ಸದಾ ಕಾಯಿಲೆ. ಮನೆಯವರು ಮಠಕ್ಕೆ ಬಿಟ್ಟರು, ಅಲ್ಲಿ ಚೇತರಿಸಿಕೊಂಡರು. ಮುಂದೆ ಹಾಂಗ್‌ಕಾಂಗ್ ಸೇರಿ ಯುವೆನ್ ಯುವೆನ್ ಎಂಬ ಆಶ್ರಮದಲ್ಲಿ ಸಾಧನೆ ಮಾಡಿದರು. ಕನ್ಫ್ಯೂಶಿಯಸ್, ಬುದ್ಧ, ಲಾವೋತ್ಸೆ ಮೂವರನ್ನೂ ಒಂದೇ ಸೂರಿನಡಿ ಪೂಜಿಸುವ ಜಾಗ ಅದು. ಇತ್ತ ಚೀನಾದಲ್ಲಿ 1966ರಿಂದ ಸಾಂಸ್ಕೃತಿಕ ಕ್ರಾಂತಿ, ಗುಡಿಗಳಿಗೆಲ್ಲ ಬೀಗ. ಅತ್ತ ಕೆನಡಾ 1967ರಲ್ಲಿ ವಲಸೆಯ ನಿಯಮ ಬದಲಿಸಿ, ಯಾವ ದೇಶದವರು ಅಂತ ನೋಡದೆ ಜನರನ್ನು ಸೇರಿಸಿಕೊಳ್ಳತೊಡಗಿತು. 1970ರಲ್ಲಿ ಮೊಯ್ ಕೆನಡಾಕ್ಕೆ ಬಂದರು.

ಅವರು ಪ್ರವಚನ ಮಾಡಲಿಲ್ಲ. ತೈ ಚಿ ಹೇಳಿಕೊಟ್ಟರು. ಯಾಂಗ್ ಮನೆತನದ ಶೈಲಿಯ ತೈ ಚಿಯನ್ನೇ ಹೊಡೆದಾಟಕ್ಕಲ್ಲದೆ ಆರೋಗ್ಯಕ್ಕೆ ಒಗ್ಗುವಂತೆ ತಿದ್ದಿದರು. ಒಟ್ಟು 108 ಚಲನೆ. ಅದರಲ್ಲೊಂದು, ಮೋಡದಂತೆ ಕೈಯಾಡಿಸುವುದು. ಎದ್ದು ನಿಂತು ಮಾಡಿ ನೋಡಿ. ಭಾರವನ್ನು ನಿಧಾನಕ್ಕೆ ಎಡಗಾಲಿಗೆ ತನ್ನಿ, ಸೊಂಟ ತಿರುಗಲಿ, ಒಂದು ಅಂಗೈ ಮುಖದ ಮುಂದೆ ತೇಲಿ ಹೋಗಲಿ. ಈಗ ಬಲಗಾಲಿಗೆ. ಕೈಯನ್ನು ಬೇಕೆಂದು ಎಳೆದರೆ ಭುಜ ಗಟ್ಟಿಯಾಗುತ್ತದೆ. ಸೊಂಟ ತಿರುಗಿದತ್ತ ಸುಮ್ನೆ ಹೋಗಲು ಬಿಟ್ಟರೆ ಕೈ ತಾನಾಗಿ ಬರುತ್ತದೆ. ತಾವೋದವರು ‘ವು ವೇ’ ಅನ್ನುವುದು ಇದನ್ನೇ. ಕೆಲಸ ಬಿಡುವುದಲ್ಲ, ಕೆಲಸದಲ್ಲಿ ಬಲವಂತ ಬಿಡುವುದು. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಹಿಡಿತಕ್ಕೆ ಸಿಗದ್ದು ಭುಜಕ್ಕೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಬೇರು ಇಳಿದಿದ್ದು ಇಲ್ಲಿಯೇ ಅಂತ ನನಗೆ ಅನಿಸುತ್ತದೆ.

ಇನ್ನೊಂದು ಕಾರಣ, ಕಲಿಸುವವರಿಗೆ ಸಂಬಳವಿಲ್ಲ. ಕಲಿತವರೇ ಮುಂದಿನವರಿಗೆ ಕಲಿಸಬೇಕು. ಸೇವೆಯೂ ಸಾಧನೆಯೇ ಎಂದು ಮೊಯ್ ನಂಬಿದ್ದರು. ಟೊರಾಂಟೊದಿಂದಾಚೆ ಆರೆಂಜ್‌ವಿಲ್ ಹತ್ತಿರದ ಅವರ ಕೇಂದ್ರಕ್ಕೆ ಹೋದವರು ಅಭ್ಯಾಸದ ಜೊತೆಗೆ ತರಕಾರಿ ಹೆಚ್ಚುತ್ತಾರೆ, ಪಾತ್ರೆ ತೊಳೆಯುತ್ತಾರೆ. ನಮ್ಮ ಮಠಗಳ ದಾಸೋಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೊರಾಂಟೊದಲ್ಲಿ ಅವರ ಗುಡಿ ತೆರೆದಿದ್ದು 1981ರಲ್ಲಿ. ಅಂದರೆ ಬಂದು ಹನ್ನೊಂದು ವರ್ಷವಾದ ಮೇಲೆ! ಪೀಠದಲ್ಲಿ ನೀವು ಕಂಡ ಮೂವರು ಸ್ವರ್ಗದ ದೊರೆ ಜೇಡ್ ಚಕ್ರವರ್ತಿ, ಗುವಾನ್‌ಯಿನ್ ಮತ್ತು ಲೂ ಡಾಂಗ್‌ಬಿನ್ ಎಂಬ ಸಿದ್ಧ. ಗುವಾನ್‌ಯಿನ್ ನಮಗೆ ದೂರದವಳಲ್ಲ. ಭಾರತದಿಂದ ಹೋದ ಅವಲೋಕಿತೇಶ್ವರನೆಂಬ ಬೋಧಿಸತ್ವನೇ ಚೀನಾದಲ್ಲಿ ಕರುಣೆಯ ತಾಯಿಯಾದ. ಮಂಗಳೂರಿನ ಕದ್ರಿಯಲ್ಲಿ 968ರ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಇದೆಯಲ್ಲ, ಅದೇ ಪರಂಪರೆ. ಗುಡಿಯಲ್ಲಿ ಮಂತ್ರಪಠಣ ಕ್ಯಾಂಟನೀಸ್‌ನಲ್ಲೇ ನಡೆಯುತ್ತದೆ. ಆ ಭಾಷೆ ಬಾರದವರು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಓದುತ್ತಾರೆ. ಸಂಸ್ಕೃತ ಬಾರದೆಯೂ ನಮ್ಮ ಅಜ್ಜಿಯರು ಸಹಸ್ರನಾಮ ಹೇಳುತ್ತಿದ್ದರಲ್ವಾ, ಹಾಗೆ.

ಇದು ಪೂರ್ತಿ ತಾವೋ ಧರ್ಮ ಅಲ್ಲ ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಚೀನಾದ ತಾವೋ ಪುರೋಹಿತರ ದೀಕ್ಷೆ, ಸತ್ತವರಿಗಾಗಿ ದಿನಗಟ್ಟಲೆ ನಡೆಯುವ ವಿಧಿಗಳು ಪಶ್ಚಿಮಕ್ಕೆ ಬಂದಿದ್ದು ಕಡಿಮೆ. ಆದರೂ ಬಂದಷ್ಟು ಜೀವಂತವಾಗಿದೆ. 1998ರಲ್ಲಿ ಮೊಯ್ ತೀರಿಕೊಂಡರು. ಕ್ಲಾಸುಗಳು ನಿಲ್ಲಲಿಲ್ಲ, ಇವತ್ತು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತಿವೆ. ಕೈಮುಗಿಯಲೇಬೇಕೆಂಬ ಕಟ್ಟಳೆ ಇಲ್ಲ. ಚರ್ಚಿಗೆ ಹೋಗುವವರೂ ಬರುತ್ತಾರೆ, ಯಾವ ದೇವರನ್ನೂ ನಂಬದವರೂ ಬರುತ್ತಾರೆ.

ಮತ್ತೆ ಮಗಳ ಮನೆಗೆ ಹೋದಾಗ ಬಾಗಿಲಲ್ಲೇ ನಿಂತು ನೋಡಿ ಬರಬೇಡಿ. ಕ್ಲಾಸಿನ ನಡುವೆ ಟೀ ಕುಡಿಯಲು ಬಿಡುವು ಕೊಡುತ್ತಾರೆ. ಅವರ ಜೊತೆ ಕೂತು, ನೀವು ಇಲ್ಲಿಗೆ ಹೇಗೆ ಬಂದಿರಿ ಅಂತ ಒಬ್ಬರನ್ನಾದರೂ ಕೇಳಿ.