ಡೌನ್‌ಲೈನ್ ಅಂದ್ರೆ ಯಾರು?

ಹತ್ತು ವರ್ಷದಿಂದ ಮಾತೇ ಆಡದ ಕ್ಲಾಸ್‌ಮೇಟ್ ದಿಢೀರನೆ ಫೋನ್ ಮಾಡುತ್ತಾನೆ. "ಮಗಾ, ಒಂದು ಬಿಸಿನೆಸ್ ಇದೆ, ಕಾಫಿಗೆ ಸಿಗೋಣ" ಅನ್ನುತ್ತಾನೆ. ಏನು ಬಿಸಿನೆಸ್ ಅಂತ ಕೇಳಿದರೆ "ಫೋನಲ್ಲಿ ಬೇಡ, ಬಾ ಹೇಳ್ತೀನಿ." ಅವನ ಲೆಕ್ಕದಲ್ಲಿ ನೀವು ಆಗಲೇ ಡೌನ್‌ಲೈನ್.

ಚೈನ್ ಲಿಂಕ್ ಬಿಸಿನೆಸ್‌ನಲ್ಲಿ ನಿಮ್ಮನ್ನು ಸೇರಿಸಿದವರು ಅಪ್‌ಲೈನ್. ನೀವು ಸೇರಿಸಿದವರು, ಅವರು ಸೇರಿಸಿದವರು, ಹೀಗೆ ನಿಮ್ಮ ಕೆಳಗೆ ಬರುವವರೆಲ್ಲ ಡೌನ್‌ಲೈನ್. ಪದದಲ್ಲಿ ದೋಷವಿಲ್ಲ, ಅಂಗಡಿಯಿಲ್ಲದೆ ನೇರವಾಗಿ ಜನರಿಗೆ ಮಾರುವ ಡೈರೆಕ್ಟ್ ಸೆಲ್ಲಿಂಗ್‌ಗೆ ನಮ್ಮಲ್ಲಿ ಕಾನೂನಿನ ಒಪ್ಪಿಗೆಯೂ ಇದೆ. ನೋಡಬೇಕಾದ್ದು ದುಡ್ಡು ಎಲ್ಲಿಂದ ಬರುತ್ತಿದೆ ಅಂತ. ಸಾಮಾನು ಮಾರಿದ್ದಕ್ಕೆ ಕಮಿಷನ್ ಬಂದರೆ ಅದು ವ್ಯಾಪಾರ. ಜನರನ್ನು ಸೇರಿಸಿದ್ದಕ್ಕೇ ದುಡ್ಡು ಬಂದರೆ ಅದು ಪಿರಮಿಡ್ ಸ್ಕೀಮ್, 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳು ಅದನ್ನು ನಿಷೇಧಿಸಿವೆ.

"ಬರೀ ಇಬ್ಬರನ್ನು ಸೇರಿಸಿ ಸಾಕು" ಅನ್ನುತ್ತಾರೆ. ಇಬ್ಬರು ತಾನೇ, ಭಾವ ಒಬ್ಬ, ಆಫೀಸಿನವನು ಒಬ್ಬ, ಆಯ್ತಲ್ಲ ಅನ್ನಿಸುತ್ತದೆ. ಆದರೆ ಸೇರಿದ ಪ್ರತಿಯೊಬ್ಬರೂ ಇನ್ನಿಬ್ಬರನ್ನು ಸೇರಿಸುತ್ತಾ ಹೋಗಬೇಕಲ್ಲ, ಹತ್ತನೇ ಹಂತಕ್ಕೆ 1,024 ಜನ ಬೇಕು, 26ನೇ ಹಂತಕ್ಕೆ 6.7 ಕೋಟಿ. 2011ರ ಜನಗಣತಿಯಲ್ಲಿ ತೊಟ್ಟಿಲ ಕೂಸನ್ನೂ ಸೇರಿಸಿ ಇಡೀ ಕರ್ನಾಟಕದಲ್ಲಿ ಇದ್ದದ್ದು 6.11 ಕೋಟಿ! ಸರಪಳಿ ಎಲ್ಲೇ ನಿಲ್ಲಲಿ, ಅರ್ಧಕ್ಕೂ ಜಾಸ್ತಿ ಜನ ಕೊನೆಯ ಸಾಲಿನಲ್ಲಿರುತ್ತಾರೆ, ಅವರ ಕೆಳಗೆ ಯಾರೂ ಇರುವುದಿಲ್ಲ.

ಸಾಮಾನೇ ಇಲ್ಲದೆ ಸುಮ್ನೆ ಒಬ್ಬರ ದುಡ್ಡು ಇನ್ನೊಬ್ಬರಿಗೆ ತಿರುಗಿಸಿದರೆ, ಇಂಥ ಸ್ಕೀಮ್‌ಗಳನ್ನು ನಿಷೇಧಿಸಿದ 1978ರ ಕಾಯ್ದೆಯಲ್ಲಿ ಸಿಕ್ಕಿಬೀಳುತ್ತಾರೆ. ಅದಕ್ಕೇ ನಡುವೆ ಒಂದು ಸಾಮಾನು ಇಟ್ಟಿರುತ್ತಾರೆ: ಪ್ರೋಟೀನ್ ಪುಡಿ, ಲಾಕೆಟ್, ಆನ್‌ಲೈನ್ ಕೋರ್ಸ್. ನಮ್ಮ ಮನೆ ಅಟ್ಟದಲ್ಲಿ ಬೆನ್ನುನೋವು ವಾಸಿ ಮಾಡಬೇಕಿದ್ದ ಮ್ಯಾಗ್ನೆಟ್ ಹಾಸಿಗೆ ಒಂದಿದೆ, ಮಾವನ ಮುಖ ನೋಡಿ ತಗೊಂಡಿದ್ದು. ಬೆನ್ನು ಹಾಗೇ ಇದೆ, ಮಾವನ ಮನೆಗೆ ಹೋಗಿಬರುವುದು ಕಡಿಮೆಯಾಗಿದೆ.

ಅನುಮಾನ ಬಂದರೆ ಹೀಗೆ ಹೇಳಿ ನೋಡಿ: "ನಾನು ಸೇರಲ್ಲ, ಆದ್ರೆ ಸಾಮಾನು ಒಂದು ಕೊಡು, ಬಳಸಿ ನೋಡ್ತೀನಿ." ನಿಜವಾದ ವ್ಯಾಪಾರಿಗೆ ಖುಷಿಯಾಗಬೇಕು ಅಲ್ವಾ? "ಬರೀ ಸಾಮಾನು ತಗೊಂಡ್ರೆ ನಿನಗೇನು ಲಾಭ, ಮೊದ್ಲು ಐಡಿ ಹಾಕ್ಸು" ಅಂತ ಬಂದರೆ ಕಾಫಿ ಕುಡಿದು ಎದ್ದುಬಿಡಿ. ಸೆಮಿನಾರ್ ಹಾಲ್‌ನಲ್ಲಿ ಚಪ್ಪಾಳೆಯ ನಡುವೆಯಂತೂ ದುಡ್ಡು ಕಟ್ಟಲೇಬೇಡಿ.

ಆಗಲೇ ಕಟ್ಟಿಬಿಟ್ಟಿದ್ದರೆ ರಸೀದಿ, ಯುಪಿಐ ಸ್ಕ್ರೀನ್‌ಶಾಟ್, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸದೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಪೊಲೀಸರಿಗೂ ದೂರು ಕೊಡಿ. ಇನ್ನಿಬ್ಬರನ್ನು ಸೇರಿಸಿ ಹೋದ ದುಡ್ಡು ತೆಗೆಯೋಣ ಅಂತ ಹೊರಟರೆ ಕಷ್ಟ. 1978ರ ಕಾಯ್ದೆಯ ಪ್ರಕಾರ ಸ್ಕೀಮ್ ನಡೆಸಿದವರಿಗೆ ಮಾತ್ರವಲ್ಲ, ಜನರನ್ನು ಸೇರಿಸಿದವರಿಗೂ 3 ವರ್ಷದವರೆಗೆ ಜೈಲಾಗಬಹುದು.