ಬರೀ ರೆಕ್ಕೆ ನೋಡಿ ಹೊಸ ಕೀಟ ಅಂತ ಹೇಗೆ ಹೇಳುತ್ತಾರೆ?

ಪ್ರಶ್ನೆ: ಕಲ್ಲಿನಲ್ಲಿ ಸಿಕ್ಕ ಒಂದು ಮುರುಕು ರೆಕ್ಕೆ ನೋಡಿ, ಹೊಸ ಕೀಟ ಪ್ರಭೇದ ಸಿಕ್ಕಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ತಲೆ, ಕಾಲು, ಹೊಟ್ಟೆ ಏನೂ ಇರುವುದಿಲ್ಲ. ಇದನ್ನು ನಂಬಬಹುದಾ?

ಉತ್ತರ: ನಂಬಬಹುದು. ಎಷ್ಟು ನಂಬಬಹುದು ಅನ್ನುವುದು ಮಾತ್ರ ಅದು ಯಾವ ಕೀಟ, ರೆಕ್ಕೆಯ ಯಾವ ಭಾಗ ಉಳಿದಿದೆ ಎಂಬುದನ್ನು ನೋಡಿಕೊಂಡು ಹೇಳಬೇಕಾದ ಮಾತು.

ಕೀಟ ಸತ್ತ ಮೇಲೆ ಮೈ ಬೇಗ ಕೊಳೆಯುತ್ತದೆ, ಇಲ್ಲವೇ ಯಾವುದಾದರೂ ಪ್ರಾಣಿ ತಿನ್ನುತ್ತದೆ. ರೆಕ್ಕೆಯಲ್ಲಿ ತಿನ್ನುವುದಕ್ಕೆ ಏನಿದೆ? ಒಣಗಿದ, ಗಟ್ಟಿ ಪೊರೆ ಅಷ್ಟೇ. ಅದು ನೀರಿಗೆ ಬಿದ್ದು, ಕೆಸರಿನ ಅಡಿ ಸೇರಿ, ಕಲ್ಲಿನಲ್ಲಿ ಅಚ್ಚಾಗುತ್ತದೆ. ಗುಜರಾತಿನ ವಸ್ತಾನ್ ಗಣಿಯಲ್ಲಿ ಸಿಕ್ಕ, 5 ಕೋಟಿ ವರ್ಷಕ್ಕೂ ಹಳೆಯ ಆಂಬರ್‌ನಲ್ಲಿ (ಕಲ್ಲಿನಂತೆ ಗಟ್ಟಿಯಾದ ಮರದ ಅಂಟಿನಲ್ಲಿ) ಕೀಟ ಇಡಿಯಾಗಿ ಉಳಿದಿರುತ್ತದೆ. ಆದರೆ ಅಂಥ ಅದೃಷ್ಟ ಎಲ್ಲ ಕಾಲದ ಕೀಟಗಳಿಗೂ ಇಲ್ಲ.

ಒಳ್ಳೆಯ ಸಂಗತಿ ಏನೆಂದರೆ, ಹೀಗೆ ಉಳಿಯುವ ಭಾಗದಲ್ಲೇ ಗುರುತು ಜಾಸ್ತಿ. ರೆಕ್ಕೆಯ ನರಗಳು, ಅಂದರೆ ಪೊರೆಯಲ್ಲಿ ಕಾಣುವ ಗೆರೆಗಳು, ಮನಬಂದಂತೆ ಹರಡಿರುವುದಿಲ್ಲ. ರೆಕ್ಕೆ ಇರುವ ಎಲ್ಲ ಕೀಟಗಳ ನರಗಳೂ ಒಂದೇ ಮೂಲ ನಕ್ಷೆಯಿಂದ ಬಂದಿವೆ ಎಂದು ಅಮೆರಿಕದ ಕೀಟತಜ್ಞರಾದ ಕಾಮ್‌ಸ್ಟಾಕ್ ಮತ್ತು ನೀಡಮ್ 1898ರಲ್ಲೇ ವಾದಿಸಿದರು. ಕೋಸ್ಟಾ, ಸಬ್‌ಕೋಸ್ಟಾ, ರೇಡಿಯಸ್, ಮೀಡಿಯಾ, ಕ್ಯುಬಿಟಸ್ ಎಂಬ ನರಗಳ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ, ವಿವರಗಳು ಮಾತ್ರ ಆಮೇಲೆ ತಿದ್ದುಪಡಿ ಆಗಿವೆ. ಯಾವ ನರ ಎಲ್ಲಿ ಕವಲೊಡೆಯುತ್ತದೆ, ಯಾವುದು ಯಾವುದರ ಜೊತೆ ಕೂಡುತ್ತದೆ ಎಂದು ನೋಡಿದರೆ ಕೀಟದ ಗುಂಪು, ಎಷ್ಟೋ ಸಲ ಕುಟುಂಬ ಕೂಡ ಗೊತ್ತಾಗುತ್ತದೆ.

ಸತ್ತುಬಿದ್ದ ಏರೋಪ್ಲೇನ್ ಚಿಟ್ಟೆ ಸಿಕ್ಕರೆ ಅದರ ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ. ಮುಂದಿನ ಅಂಚಿನ ನಡುವೆ ಒಂದು ಸಣ್ಣ ಗಂಟು ಕಾಣುತ್ತದೆ. ತುದಿಯ ಹತ್ತಿರ ಬಣ್ಣ ತುಂಬಿದ ಒಂದು ಪುಟ್ಟ ಚೌಕ ಇರುತ್ತದೆ. ಫ್ರಾನ್ಸಿನ ಕೊಮಾಂತ್ರಿಯ ಕಲ್ಲಿದ್ದಲು ಗಣಿಯಲ್ಲಿ ಸಿಕ್ಕ ಮೆಗಾನ್ಯೂರಾ ಎಂಬ ದೈತ್ಯ ಕೀಟಕ್ಕೆ ಇವೆರಡೂ ಇಲ್ಲ. ಅದು ಸುಮಾರು 30 ಕೋಟಿ ವರ್ಷ ಹಳೆಯದು, 1885ರಲ್ಲಿ ಫ್ರೆಂಚ್ ವಿಜ್ಞಾನಿ ಶಾರ್ಲ್ ಬ್ರೋನ್ಯಾರ್ ಹೆಸರಿಟ್ಟದ್ದು, ರೆಕ್ಕೆ ಚಾಚಿದರೆ ಎರಡಡಿಗೂ ಜಾಸ್ತಿ. ನೋಡಲು ಏರೋಪ್ಲೇನ್ ಚಿಟ್ಟೆಯಂತೆಯೇ ಇದ್ದರೂ ಅದು ಹಳೆಯ, ಬೇರೆ ಕವಲು ಎಂದು ರೆಕ್ಕೆಯೇ ಹೇಳುತ್ತದೆ.

ಕಲ್ಲಿನ ಮೇಲೆ ಇದನ್ನು ಓದುವುದು ತಾಳ್ಮೆಯ ಕೆಲಸ. ಬೆಳಕನ್ನು ಪಕ್ಕದಿಂದ, ತೀರಾ ಓರೆಯಾಗಿ ಬಿಟ್ಟರೆ ನರಗಳ ನೆರಳು ಬೀಳುತ್ತದೆ. ರೆಕ್ಕೆಯಲ್ಲಿ ಕೆಲವು ನರಗಳು ಉಬ್ಬಿನ ಮೇಲೆ, ಕೆಲವು ತಗ್ಗಿನಲ್ಲಿ ಇರುತ್ತವೆ. ಯಾವ ನರ ಯಾವುದು ಎಂದು ಗುರುತಿಸಲು ಇದೇ ದೊಡ್ಡ ಸುಳಿವು. ತೊಡಕು ಏನೆಂದರೆ, ಕಲ್ಲು ಸೀಳಿದಾಗ ಎರಡು ಹೋಳಲ್ಲೂ ಅಚ್ಚು ಇರುತ್ತದೆ. ಒಂದರಲ್ಲಿ ಉಬ್ಬಿದ್ದು ಇನ್ನೊಂದರಲ್ಲಿ ತಗ್ಗು. ಕೈಯಲ್ಲಿರುವುದು ಯಾವ ಹೋಳು ಎಂದು ತಪ್ಪು ತಿಳಿದರೆ ಇಡೀ ಓದು ತಲೆಕೆಳಗಾಗುತ್ತದೆ.

ಗುಂಪು ಗೊತ್ತಾಯಿತು. ಪ್ರಭೇದ ಹೊಸದು ಅನ್ನುವುದು ಮುಂದಿನ ಹೆಜ್ಜೆ, ಕಷ್ಟ ಇರುವುದೂ ಅಲ್ಲೇ. ಈಗಾಗಲೇ ಹೆಸರಿಟ್ಟ ಹತ್ತಿರದ ಎಲ್ಲ ರೆಕ್ಕೆಗಳ ಜೊತೆ ಹೋಲಿಸಿ ನೋಡಬೇಕು. ಸಾಮಾನ್ಯವಾಗಿ ಮುಂದಿನ ರೆಕ್ಕೆ ಮತ್ತು ಹಿಂದಿನ ರೆಕ್ಕೆ ಒಂದೇ ಥರ ಇರುವುದಿಲ್ಲ, ಹಾಗಾಗಿ ಒಂದೇ ಕೀಟಕ್ಕೆ ಎರಡು ಹೆಸರು ಬೀಳಬಹುದು. ಜಿರಲೆಗಳಲ್ಲಂತೂ ಒಂದೇ ಹುಳದ ಎಡ, ಬಲ ರೆಕ್ಕೆಗಳಲ್ಲೇ ಕವಲುಗಳ ಸಂಖ್ಯೆ ಬೇರೆ ಇರುತ್ತದೆ. ಹಿಂದೆ ಕಲ್ಲಿದ್ದಲು ಕಾಲದ (ಸುಮಾರು 30 ಕೋಟಿ ವರ್ಷ ಹಿಂದಿನ) ಜಿರಲೆ ರೆಕ್ಕೆಗಳಿಗೆ ಸಣ್ಣಪುಟ್ಟ ವ್ಯತ್ಯಾಸಕ್ಕೆಲ್ಲ ಹೆಸರಿಟ್ಟರು. ಅವುಗಳಲ್ಲಿ ಎಷ್ಟೋ ಹೆಸರುಗಳು ಆಮೇಲೆ ಬಿದ್ದುಹೋದವು. ಒಂದೇ ಜಿರಲೆ ರೆಕ್ಕೆ ಹಿಡಿದು ಹೊಸ ಪ್ರಭೇದ ಅಂದರೆ ನನಗೆ ಅನುಮಾನವೇ ಮೊದಲು ಬರುತ್ತದೆ.

ಹೊಸ ಹೆಸರಿಗೆ ಆಧಾರವಾದ ಮಾದರಿಯನ್ನು ಹೋಲೊಟೈಪ್ ಅನ್ನುತ್ತಾರೆ. ಅದು ಸಂಗ್ರಹಾಲಯದಲ್ಲಿ ಇರಬೇಕು, ಬೇರೆಯವರು ಮತ್ತೆ ಪರೀಕ್ಷಿಸುವಂತಿರಬೇಕು. ಇದರ ಬೆಲೆ ಗೊತ್ತಾಗುವುದು ಅಮೆರಿಕದ ಕೀಟ ಪಳೆಯುಳಿಕೆ ತಜ್ಞ ಫ್ರಾಂಕ್ ಕಾರ್ಪೆಂಟರ್ ಹೆಸರಿಟ್ಟ ಎರಡು ದೈತ್ಯ ಕೀಟಗಳಿಂದ. 1939ರಲ್ಲಿ ಕ್ಯಾನ್ಸಸ್‌ನ ರೆಕ್ಕೆಗೆ ಅವರು ಮೆಗಾನ್ಯೂರಾಪ್ಸಿಸ್ ಪರ್ಮಿಯಾನಾ ಎಂದು ಹೆಸರಿಟ್ಟರು. ಆಮೇಲೆ ಒಕ್ಲಹೋಮಾದಲ್ಲಿ ಸಿಕ್ಕ, ತುಂಡೇ 28 ಸೆಂ.ಮೀ. ಉದ್ದವಿರುವ ಇನ್ನೊಂದು ರೆಕ್ಕೆಗೆ ಮೆಗಾನ್ಯೂರಾಪ್ಸಿಸ್ ಅಮೆರಿಕಾನಾ ಎಂದರು. ಇವೆರಡೂ ಬಹುತೇಕ ಒಂದೇ ಪ್ರಭೇದ ಎನ್ನುವುದು ಈಗಿನ ಅಭಿಪ್ರಾಯ. ಒಂದೇ ಆದರೆ ನಿಯಮದ ಪ್ರಕಾರ ಮೊದಲಿಟ್ಟ ಹೆಸರು ನಿಲ್ಲುತ್ತದೆ. ನಾಳೆ ಪೂರ್ತಿ ರೆಕ್ಕೆಗಳು ಸಿಕ್ಕಿ ಬೇರೆ ಬೇರೆ ಎಂದು ತೋರಿಸಿದರೆ ಎರಡನೇ ಹೆಸರಿಗೂ ಮತ್ತೆ ಜಾಗ ಸಿಗುತ್ತದೆ.